ಗಾವಂತಿ ಹೊಲಿಗೆಯ ಗಿಫ್ ಮಾಡಿದ್ದು

ಧಾರವಾಡದಲ್ಲಿ ನಮ್ಮ ವೈನಿ (ಅತ್ತಿಗೆ) ಕಸೂತಿ ಕಲಿಸುತ್ತಾರೆ. ಗಾವಂತಿ ಅದರಲ್ಲಿ ಒಂದು ಬಗೆಯ ಹೊಲಿಗೆ. "ಗಾವಂತಿಯೊಳಗ ಸೂಜಿ ಹೆಂಗ ಹೋಗಿ ಹೆಂಗ ಬರ್ತದ ಅಂತ ಹುಡುಗ್ಯಾರಿಗೆ ಫೋನಿನ್ಯಾಗ ತೋರಿಸೂ ಹಂಗ ಮಾಡಿಕೊಡಪಾ" ಅಂದರು. ಡಿಟಿಪಿ ಕೆಲಸ ನನ್ನದು, ಒಪ್ಪಿಕೊಂಡೆ.

ಮೊದಲು ಅವರು ಇಳಕಲ್ ಸೀರೆಗೆ ಹೊಲಿಯುವಾಗ 40 ಫೋಟೊ ತೆಗೆದು, ಒಂದರ ಹಿಂದೊಂದು ಚಿತ್ರ ತೋರಿಸುವ ಗಿಫ್ ಫೈಲಾಗಿ ಜೋಡಿಸಿದೆ. ಫೈಲು 9 ಎಂಬಿ ಆಯಿತು. ಕೆಂಪು ದಾರದ ಮೇಲೆಲ್ಲ ಚುಕ್ಕೆ. ಗಿಫ್‌ನಲ್ಲಿ ಒಂದು ಫ್ರೇಮಿಗೆ, ಅಂದರೆ ಸಾಲಿನ ಒಂದೊಂದು ಚಿತ್ರಕ್ಕೆ, 256 ಬಣ್ಣ ಮಾತ್ರ, ಅಲ್ವಾ? ಇಲ್ಲದ ಬಣ್ಣವನ್ನು ಸಾಫ್ಟ್‌ವೇರು ಚುಕ್ಕೆ ಬೆರೆಸಿ ತೋರಿಸುತ್ತದೆ. ಒಂದೇ ಬಣ್ಣ ಸಾಲಾಗಿ ಬಂದರೆ ಗಿಫ್ ಚೆನ್ನಾಗಿ ಕುಗ್ಗುತ್ತದೆ. ಚುಕ್ಕೆ ಬಿದ್ದರೆ ಫೈಲು ಉಬ್ಬುತ್ತದೆ.

ಫೋಟೊ ಬಿಟ್ಟು ಚಿತ್ರ ಬರೆದೆ. ಕಪ್ಪು ಬಟ್ಟೆ, ಕೆಂಪು ದಾರ, ಸೂಜಿ. 16 ಬಣ್ಣ ಸಾಕಾಯಿತು. ಪ್ರತಿ ಫ್ರೇಮಿನಲ್ಲೂ ಇಡೀ ಬಟ್ಟೆ ಬೇಕಿಲ್ಲ. ಹೊಸ ಹೊಲಿಗೆಯಷ್ಟನ್ನೇ ಪುಟ್ಟ ಚೌಕದಲ್ಲಿಟ್ಟು, ಎಡದಿಂದ ಎಷ್ಟು, ಮೇಲಿಂದ ಎಷ್ಟು ಎಂದು ಹೇಳಿದರೆ ಅಲ್ಲಿ ಹೋಗಿ ಕೂರುತ್ತದೆ.

ಕಷ್ಟ ಕೊಟ್ಟದ್ದು ಸೂಜಿ. ಹೊಲಿಗೆ ಉಳಿಯಬೇಕು, ಸೂಜಿ ಮಾಯವಾಗಬೇಕು. ಫ್ರೇಮಿನ ಸಮಯ ಮುಗಿದ ಮೇಲೆ ಅದನ್ನು ಏನು ಮಾಡಬೇಕೆಂದು ಹೇಳುವ ಸೌಲಭ್ಯ 1989ರ ಗಿಫ್‌89ಎ ಆವೃತ್ತಿಯಲ್ಲಿದೆ. ಅದಕ್ಕೊಂದು ಅಂಕಿ ಕೊಡಬೇಕು. 1 ಕೊಟ್ಟರೆ ಹಾಗೇ ಉಳಿಯುತ್ತದೆ. ಬಟ್ಟೆ ತುಂಬ ಸೂಜಿಗಳೇ ಕಂಡವು. 2 ಕೊಟ್ಟರೆ ಆ ಚೌಕ ಅಳಿಯುತ್ತದೆ. ಸೂಜಿಯ ಕೆಳಗಿನ ಹೊಲಿಗೆಯೂ ಹೋಯಿತು. 3 ಅಂದರೆ ಆ ಫ್ರೇಮು ಬರುವ ಮೊದಲು ಇದ್ದ ಹಾಗೆ ಮಾಡು ಎಂದು. ಕೊನೆಗೆ ಹೊಲಿಗೆಗೊಂದು, ಸೂಜಿಗೊಂದು ಬೇರೆ ಬೇರೆ ಫ್ರೇಮು ಮಾಡಿದೆ. ಹೊಲಿಗೆಗೆ 1, ಸೂಜಿಗೆ 3. ಆಗ ಸರಿಹೋಯಿತು.

ಆದರೂ ಪ್ರತಿ ಹೊಲಿಗೆಗೂ ಸೂಜಿ ಮಿಣುಕುತ್ತಿತ್ತು. ಹೊಲಿಗೆ ಬಿದ್ದ ಕೂಡಲೇ ಸೂಜಿ ಬರಲಿ ಎಂದು ಹೊಲಿಗೆಯ ಫ್ರೇಮಿಗೆ ಸಮಯ 0 ಕೊಟ್ಟಿದ್ದೆ. ಗಿಫ್‌ನಲ್ಲಿ ಸಮಯದ ಲೆಕ್ಕ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ. ಆದರೆ 0, 1 ಕೊಟ್ಟರೆ ಬ್ರೌಸರುಗಳು ಅದನ್ನು 10 ಎಂದು ಹಿಡಿಯುತ್ತವೆ. 2 ಕೊಟ್ಟೆ, ಮಿಣುಕು ನಿಂತಿತು.

ಸೂಜಿಗೆ ತೆಳು ನೆರಳು ಕೊಡುವ ಆಸೆಯಿತ್ತು. ಗಿಫ್‌ನಲ್ಲಿ ಪಾರದರ್ಶಕ ಅಂದರೆ ಪೂರ್ತಿ ಪಾರದರ್ಶಕ, ಅರ್ಧಂಬರ್ಧ ಇಲ್ಲ. ಎಪಿಎನ್‌ಜಿ, ವೆಬ್‌ಪಿ ಎಂಬ ಬೇರೆ ಬಗೆಯ ಚಿತ್ರದ ಫೈಲುಗಳಲ್ಲಿ ಅದು ಆಗುತ್ತದೆ. ಹಳೇ ಫೋನಿನಲ್ಲೂ ಓಡಬೇಕಿತ್ತು, ನೆರಳು ಬಿಟ್ಟೆ.

ಫೈಲು 70 ಕೆಬಿಗೆ ಇಳಿಯಿತು. ಹೋಗುವಾಗ ಬಿಟ್ಟ ಜಾಗವನ್ನು ಸೂಜಿ ಬರುವಾಗ ತುಂಬುವುದು ಚೆಂದಾಗಿ ಕಾಣುತ್ತಿತ್ತು. ವೈನಿ ಎರಡು ಸಲ ನೋಡಿ, "ನಾಕು ಎಳಿ ಬಿಡಬೇಕು, ನೀ ಮೂರು ಬಿಟ್ಟೀ" ಅಂದರು. ಎಳೆ ಎಣಿಸಿ ಹೊಲಿಯುವ ಕೈ ಅದು. ಹೊಲಿಗೆ ಒಂದೆಳೆ ಉದ್ದ ಮಾಡಿ, ಪ್ರತಿ ಫ್ರೇಮಿನ ಎಡದ ಅಂಕಿ ತಿದ್ದಿ ಅವತ್ತೇ ರಾತ್ರಿ ಕಳಿಸಿದೆ.