ನುಗ್ಗಿ ಬರುವವನ ಬಲಗೈ ಕಡೆಗೇ ತಿರುಗಿ ಗೆದ್ದೆ

ಬಾಕ್ಸಿಂಗ್‌ನಲ್ಲಿ ಒಬ್ಬನ ಕೈಯಲ್ಲೇ ಮೂರು ಸಲ ಸೋತಿದ್ದೆ. ನಾಲ್ಕನೇ ಸಲ ಗೆದ್ದೆ. ಐದು ಜಡ್ಜ್‌ಗಳಲ್ಲಿ ನಾಲ್ವರು ನನಗೆ ಕೊಟ್ಟರು. ಹುಡುಗ ಬೆಳಗಾವಿ ಕಡೆಯವನು, ನನ್ನ ಹಾಗೇ 63.5 ಕೆಜಿ ತೂಕದ ವಿಭಾಗ, ನನಗಿಂತ ಕುಳ್ಳ, ಕುತ್ತಿಗೆ ಗಟ್ಟಿ. ಗಂಟೆ ಹೊಡೆದ ಕ್ಷಣದಿಂದ ಮುಂದೆ ಬರುತ್ತಲೇ ಇರುತ್ತಾನೆ. ಅಂಥವನ ಜೊತೆ ಆಡಿದವರಿಗೆ ಗೊತ್ತಲ್ವಾ, ಮೂರು ನಿಮಿಷ ಮೂವತ್ತು ನಿಮಿಷ ಆಗುತ್ತದೆ.

ಗೆದ್ದ ಮೇಲೆ ನಾಲ್ಕೈದು ಜನ ಫೋನ್ ಮಾಡಿ ಹೇಗೆ ಮಾಡಿದೆ ಅಂತ ಕೇಳಿದರು. ಅವರಲ್ಲಿ ಇಬ್ಬರು ಹಿಂದೆ, ಎದುರಾಳಿಯ ಬಲಗೈ ಕಡೆಗೇ ತಿರುಗುವ ನನ್ನ ವಿಧಾನಕ್ಕೆ "ಇದು ನಡೆಯಲ್ಲ" ಅಂದವರೇ. ಅದಕ್ಕೇ ಬರೆಯುತ್ತಿದ್ದೇನೆ. ಸ್ಟಾನ್ಸ್ (ನಿಲ್ಲುವ ಭಂಗಿ), ಪಿವೊಟ್ (ಒಂದು ಪಾದದ ಮೇಲೆ ತಿರುಗುವುದು) ಇವನ್ನೆಲ್ಲ ಇಲ್ಲಿ ಹೆಚ್ಚು ವಿವರಿಸುವುದಿಲ್ಲ. ರಿಂಗಿಗೆ ಇಳಿದವರಿಗೆ ಬರೆದದ್ದು ಇದು.

ಮೊದಲು ಸೋಲಿನ ಕತೆ. ಮೊದಲ ಬೌಟ್‌ನಲ್ಲಿ, ಅಂದರೆ ಪಂದ್ಯದಲ್ಲಿ, ನೇರ ಹಿಂದಕ್ಕೆ ಹೋದೆ. ಮೂರು ಹೆಜ್ಜೆಗೆ ಬೆನ್ನಿಗೆ ಹಗ್ಗ ತಾಗಿತು. ರಿಂಗ್ ಒಳಗೆ ಇಪ್ಪತ್ತು ಅಡಿ ಅಷ್ಟೇ, ಹಿಂದೆ ಹೋಗಲು ಜಾಗವೇ ಇಲ್ಲ. ಎರಡನೇ ರೌಂಡಿನಲ್ಲಿ ನಾನು ಏಟು ತಿಂದು ತತ್ತರಿಸಿದಾಗ ರೆಫರಿ ಎಂಟರವರೆಗೆ ಎಣಿಸಿದರು. ಐದಕ್ಕೆ ಐದೂ ಜಡ್ಜ್‌ಗಳು ಅವನಿಗೆ ಕೊಟ್ಟರು.

ಎರಡನೇ ಬೌಟ್‌ಗೆ ನಮ್ಮ ಸೀನಿಯರ್‌ಗಳ ಮಾತು ಕೇಳಿದೆ. "ಮುಟ್ಟು, ಓಡು. ಅವನ ಬಲಗೈಯಿಂದ ದೂರ ಇರು" ಅಂದರು. ಅಂದರೆ ನನ್ನ ಬಲಕ್ಕೆ ಸುತ್ತಬೇಕು. ಇಬ್ಬರೂ ಆರ್ಥೊಡಾಕ್ಸ್, ಅಂದರೆ ಎಡಗೈ, ಎಡಗಾಲು ಮುಂದಿಟ್ಟು ನಿಲ್ಲುವವರು; ಎದುರುಬದುರು ನಿಂತರೆ ಅವನ ಬಲಗೈ ನನ್ನ ಎಡಕ್ಕೆ. ಎಲ್ಲ ಕಡೆ ಕಲಿಸುವುದೂ ಅದನ್ನೇ. ಹಾಗೇ ಸುತ್ತಿದೆ. ಅವನ ಎಡ ಹುಕ್, ಅಂದರೆ ಮೊಣಕೈ ಬಾಗಿಸಿ ಪಕ್ಕದಿಂದ ಬೀಸುವ ಏಟು, ಪಕ್ಕೆಲುಬಿನ ಕೆಳಗೆ, ಸರಿಯಾಗಿ ಲಿವರ್ ಮೇಲೆ ಬಂತು. ಲಿವರ್ ಏಟು ತಿಂದವರಿಗೆ ಹೇಳಬೇಕಿಲ್ಲ. ತಲೆ ಸರಿ ಇರುತ್ತದೆ, ಕಾಲು ಮಾತ್ರ ಮಾತು ಕೇಳುವುದಿಲ್ಲ. ಮನೆಗೆ ಬಂದು ವಿಡಿಯೋ ನೋಡಿದೆ. ಎಣಿಸಿದರೆ ಹದಿನಾಲ್ಕೋ ಹದಿನೈದೋ ಸಲ ಆ ಎಡ ಹುಕ್ ತಿಂದಿದ್ದೆ. ಅಷ್ಟೂ ಸಲ ನಾನೇ ನಡೆದುಕೊಂಡು ಅದರೊಳಗೆ ಹೋಗಿದ್ದೆ. ಅವನ ಬಲಗೈ ಇಡೀ ಬೌಟ್‌ನಲ್ಲಿ ನನಗೆ ನಾಲ್ಕು ಸಲವೂ ಸರಿಯಾಗಿ ತಾಗಿರಲಿಲ್ಲ.

ಸೀನಿಯರ್‌ಗಳ ಮಾತು ಅವರ ಕಾಲಕ್ಕೆ ಸರಿಯಾಗಿಯೇ ಇತ್ತು. ಅವರು ಆಡಿದ್ದು ಕಂಪ್ಯೂಟರ್ ಸ್ಕೋರಿಂಗ್ ಕಾಲದಲ್ಲಿ. ಐವರಲ್ಲಿ ಮೂವರು ಜಡ್ಜ್‌ಗಳು ಒಂದು ಸೆಕೆಂಡ್ ಒಳಗೆ ಬಟನ್ ಒತ್ತಿದರೆ ಒಂದು ಪಾಯಿಂಟ್. ಮುಟ್ಟಿ ಓಡಿದವನು ಗೆಲ್ಲುತ್ತಿದ್ದ. 2013ರಿಂದ ಹತ್ತು ಪಾಯಿಂಟ್ ಪದ್ಧತಿ ಬಂದಿದೆ, ರೌಂಡ್ ಗೆದ್ದವನಿಗೆ ಹತ್ತು, ಇನ್ನೊಬ್ಬನಿಗೆ ಅದಕ್ಕಿಂತ ಕಡಿಮೆ. ಈಗ ಇಡೀ ರೌಂಡ್ ಯಾರ ಹಿಡಿತದಲ್ಲಿತ್ತು ಅಂತಲೂ ನೋಡುತ್ತಾರೆ. ಓಡುವವನು ಓಡುತ್ತಿರುವ ಹಾಗೇ ಕಾಣುತ್ತಾನೆ.

ಮೂರನೇ ಬೌಟ್‌ಗೆ ಸ್ವಂತ ತಲೆ ಓಡಿಸಿದೆ, ಅದೂ ತಪ್ಪಾಯಿತು. ಮಹಮ್ಮದ್ ಅಲಿ 1974ರಲ್ಲಿ ಆಫ್ರಿಕಾದ ಕಿನ್ಶಾಸಾದಲ್ಲಿ ಜಾರ್ಜ್ ಫೋರ್‌ಮನ್ ಎಂಬ ಬಾಕ್ಸರ್‌ನನ್ನು ಹಗ್ಗಕ್ಕೆ ಒರಗಿ ದಣಿಸಿದ ಹಾಗೆ ನಾನೂ ದಣಿಸುತ್ತೇನೆ ಅಂದುಕೊಂಡೆ. ಗಾರ್ಡ್, ಅಂದರೆ ಮುಖಕ್ಕೆ ಅಡ್ಡ ಇಟ್ಟ ಕೈ, ಬಿಗಿ ಹಿಡಿದು ಹಗ್ಗಕ್ಕೆ ಒರಗಿದೆ. ಏಟು ಹೆಚ್ಚು ಬೀಳಲೂ ಇಲ್ಲ. ಆದರೆ ಫೋರ್‌ಮನ್ ಬಿದ್ದದ್ದು ಎಂಟನೇ ರೌಂಡಿನಲ್ಲಿ. ನಮ್ಮ ಅಮೆಚೂರ್ (ವೃತ್ತಿಪರವಲ್ಲದ) ಬೌಟ್‌ಗೆ ಇರುವುದು ಮೂರೇ ರೌಂಡ್, ಒಂಬತ್ತು ನಿಮಿಷ. ಇವನಿಗೆ ದಣಿವು ಶುರುವಾಗುವಷ್ಟರಲ್ಲಿ ಕೊನೆಯ ಗಂಟೆ ಹೊಡೆಯಿತು. ಕ್ಲಿಂಚ್ ಮಾಡಿ, ಅಂದರೆ ಅವನನ್ನು ಅಪ್ಪಿ ಹಿಡಿದು, ಸಮಯ ಕಳೆಯೋಣ ಅಂತಲೂ ನೋಡಿದೆ. ಹಿಡಿದದ್ದಕ್ಕೆ ರೆಫರಿ ವಾರ್ನಿಂಗ್ ಕೊಟ್ಟರು, ಅಲ್ಲಿ ಒಂದು ಪಾಯಿಂಟ್ ಹೋಯಿತು. ಅಮೆಚೂರ್‌ನಲ್ಲಿ ಕ್ಲಿಂಚ್ ನಂಬಿಕೊಂಡು ಇಳಿಯಬೇಡಿ.

ಆಮೇಲೆ ಒಂದು ತಿಂಗಳು ಗ್ಲೌಸ್ ಮುಟ್ಟಲಿಲ್ಲ. ಸುಮ್ನೆ ಹಳೇ ಬೌಟ್‌ಗಳನ್ನು ನೋಡುತ್ತಾ ಕೂತೆ. ಅಮೆರಿಕದ ಶುಗರ್ ರೇ ಲೆನರ್ಡ್ ಮತ್ತು ಪನಾಮಾದ ನುಗ್ಗುವ ಬಾಕ್ಸರ್ ರಾಬರ್ಟೊ ಡುರಾನ್ ಆಡಿದ ಎರಡು ಬೌಟ್ ಎಲ್ಲರೂ ನೋಡಿರುತ್ತೀರಿ. 1980ರ ಜೂನ್‌ನಲ್ಲಿ ಮಾಂಟ್ರಿಯಲ್‌ನಲ್ಲಿ ಲೆನರ್ಡ್, ಡುರಾನ್‌ಗೆ ಎದುರಾಗಿ ನಿಂತು ಹೊಡೆದಾಡಿ ಸೋತ. ಅದೇ ವರ್ಷ ನವೆಂಬರ್‌ನಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಎಂಟನೇ ರೌಂಡಿಗೆ ಡುರಾನ್ ತಾನೇ ಬೌಟ್ ಬಿಟ್ಟ. ಎಲ್ಲರೂ ಎರಡನೆಯದರಲ್ಲಿ ಲೆನರ್ಡ್ ಕುಣಿದ ಅಂತಾರೆ. ನಾನು ಅವನ ಪಾದ ಮಾತ್ರ ನೋಡಿದೆ. ಹಗ್ಗ ಹತ್ತಿರ ಬಂದಾಗ ಅವನು ತಿರುಗಿಕೊಳ್ಳುತ್ತಿದ್ದ. ಡುರಾನ್ ಮತ್ತೆ ಕಾಲು ಸರಿಮಾಡಿಕೊಂಡು ಹೊಸದಾಗಿ ಶುರು ಮಾಡಬೇಕಿತ್ತು. ಅಲ್ಲಿಂದ ನನಗೆ ಒಂದು ವಿಷಯ ಹತ್ತಿತು. ನುಗ್ಗುವವನಿಗೆ ಏಟಿನಿಂದ ಸಿಟ್ಟು ಬರುತ್ತದೆ ಅಷ್ಟೇ. ಪದೇ ಪದೇ ಕಾಲು ಸರಿಮಾಡಿಕೊಳ್ಳಬೇಕಾಗಿ ಬಂದರೆ ಮಾತ್ರ ಸುಸ್ತಾಗುತ್ತದೆ.

ಈಗ ವಿಧಾನ. ಅವನು ಒಳಗೆ ಬರುವ ಹೊತ್ತಿಗೆ ನಾನು ಹಿಂದೆ ಹೋಗುವುದಿಲ್ಲ, ಅರ್ಧ ಹೆಜ್ಜೆ ಮುಂದೆ ಇಡುತ್ತೇನೆ. ಜ್ಯಾಬ್, ಅಂದರೆ ಮುಂದಿನ ಎಡಗೈಯ ನೇರ ಏಟು, ಮುಖಕ್ಕಲ್ಲ, ಎದೆಗೆ. ತಲೆ ಆಡುತ್ತಿರುತ್ತದೆ, ಎದೆ ಎಲ್ಲೂ ಹೋಗುವುದಿಲ್ಲ. ಆ ಜ್ಯಾಬ್ ಪಾಯಿಂಟ್‌ಗಲ್ಲ, ಅವನ ಓಟ ಒಂದು ಕ್ಷಣ ನಿಲ್ಲಲಿ ಅಂತ. ನನ್ನ ಎಡ ಪಾದ ಅವನ ಎರಡು ಪಾದಗಳ ನಡುವಿನ ಗೆರೆಗೆ ಬೀಳಬೇಕು. ಆ ಎಡ ಪಾದದ ಮೇಲೇ ತಿರುಗಿ, ಬಲಗಾಲನ್ನು ಹಿಂದಿನಿಂದ ಎಡಕ್ಕೆ ಬೀಸುತ್ತೇನೆ. ಈಗ ನಾನು ಅವನ ಬಲ ಭುಜದ ಪಕ್ಕದಲ್ಲಿದ್ದೇನೆ. ಅವನ ಎಡ ಹುಕ್ ಬರಬೇಕಾದರೆ ಅವನ ಮೈಯನ್ನೇ ದಾಟಿ ಬರಬೇಕು.

"ಬಲಗೈ ಕಡೆಗೇ ಹೋಗ್ತೀಯಲ್ಲೋ, ಹೊಡ್ಸ್ಕೊಂಡು ಸಾಯ್ತೀಯ" ಅಂದರು ನಮ್ಮ ಕೋಚ್. ಅವರ ಭಯ ನಿಜವೇ. ದೂರದಲ್ಲಿ ನಿಂತು ಹೀಗೆ ತಿರುಗಿದರೆ ಬಲಗೈ ನೇರ ದವಡೆಗೆ ಬರುತ್ತದೆ. ನನಗೆ ಎರಡು ಸಲ ಬಂದಿದೆ, ಒಂದು ಹಲ್ಲು ಅಲ್ಲಾಡಿದೆ. ಆದರೆ ಎದೆಗೆ ಎದೆ ತಾಗುವಷ್ಟು ಹತ್ತಿರ ಇದ್ದರೆ ಬಲಗೈಗೆ ಬೀಸಲು ಜಾಗ ಇರುವುದಿಲ್ಲ. ತಿರುಗುವಾಗ ನನ್ನ ಎಡ ಮುಂಗೈ ಅವನ ಬಲ ತೋಳಿನ ಮೇಲೆ ಒಂದು ಕ್ಷಣ ಕೂರುತ್ತದೆ. ಕೂರಬೇಕು ಅಷ್ಟೇ. ಹಿಡಿದರೆ, ತಳ್ಳಿದರೆ ರೆಫರಿ ಬಿಡುವುದಿಲ್ಲ.

ಇದನ್ನು ಕಾಲಿಗೆ ಕಲಿಸಲು ಏಳು ತಿಂಗಳು ಬೇಕಾಯಿತು. ಮನೆಯ ತಾರಸಿ ಮೇಲೆ ಸೀಮೆಸುಣ್ಣದಲ್ಲಿ ಇಪ್ಪತ್ತು ಅಡಿ ಚೌಕ ಬರೆದೆ. ಮಳೆ ಬಂದರೆ ಅಳಿಸಿ ಹೋಗುತ್ತಿತ್ತು, ಮತ್ತೆ ಬರೆಯುತ್ತಿದ್ದೆ. ಆಮೇಲೆ ಬಿಳಿ ಬಣ್ಣದ ಒಂದು ಡಬ್ಬಿ ತಂದು ಬಳಿದೇಬಿಟ್ಟೆ, ಅಮ್ಮ ಎರಡು ದಿನ ಮಾತಾಡಲಿಲ್ಲ. ದಿನಕ್ಕೆ ಸುಮಾರು ಇನ್ನೂರು ತಿರುವು. ಮೊದಲ ಎರಡು ತಿಂಗಳು ಎಡ ಮಂಡಿ ನೋಯುತ್ತಿತ್ತು. ಹಿಮ್ಮಡಿ ನೆಲಕ್ಕೆ ಅಂಟಿಸಿಕೊಂಡೇ ತಿರುಗುತ್ತಿದ್ದೆ, ಅದೇ ಕಾರಣ. ಹಿಮ್ಮಡಿ ಕೂದಲಿನಷ್ಟು ಎತ್ತಿ, ಹೆಬ್ಬೆರಳಿನ ಬುಡದ ಮೇಲೆ ತಿರುಗಲು ಶುರು ಮಾಡಿದ ಮೇಲೆ ನೋವು ಹೋಯಿತು.

ಸ್ಪಾರಿಂಗ್‌ಗೆ, ಅಂದರೆ ಅಭ್ಯಾಸದ ಹೊಡೆದಾಟಕ್ಕೆ, ಜನ ಸಿಗಲಿಲ್ಲ, ಅದೇ ದೊಡ್ಡ ಕಷ್ಟ. ದಾವಣಗೆರೆಯಲ್ಲಿ ಕುಸ್ತಿಗೆ ಎಷ್ಟು ಬೇಕಾದರೂ ಹುಡುಗರಿದ್ದಾರೆ, ಬಾಕ್ಸಿಂಗ್‌ಗೆ ಇಲ್ಲ. ಆಗ ಒಂದು ಯೋಚನೆ ಬಂತು. ನನಗೆ ಹೊಡೆಯುವವನು ಬೇಡ, ಮೇಲೆ ಬೀಳುವವನು ಬೇಕು. ಗರಡಿಯ ಇಬ್ಬರು ಹುಡುಗರಿಗೆ ಹೆಡ್‌ಗಾರ್ಡ್ ಹಾಕಿಸಿ, "ಹೊಡೀಬೇಡಿ, ನನ್ನನ್ನ ಮೂಲೆಗೆ ತಳ್ಳಿ" ಅಂದೆ. ಅವರಷ್ಟು ಚೆನ್ನಾಗಿ ತಳ್ಳುವವರು ಯಾವ ಬಾಕ್ಸಿಂಗ್ ಕ್ಲಬ್‌ನಲ್ಲೂ ಸಿಗುವುದಿಲ್ಲ. ಒಂದು ದಿನಕ್ಕೆ ಒಬ್ಬನಿಗೆ ಮುನ್ನೂರು ರೂಪಾಯಿ, ಜೊತೆಗೆ ಮೊಟ್ಟೆ, ಹಾಲು. ವಾರಕ್ಕೆ ಎರಡು ದಿನ.

ಇನ್ನೊಂದು ಪ್ರಯೋಗ ಖೋ ಖೋದಿಂದ ಬಂತು. ಶಾಲೆಯಲ್ಲಿ ನಾನು ಖೋ ಖೋ ಆಡುತ್ತಿದ್ದೆ. ಅಟ್ಟಿಸುವವನು ಒಂದು ದಿಕ್ಕು ಹಿಡಿದರೆ ಕಂಬ ಮುಟ್ಟುವವರೆಗೆ ಹಿಂದೆ ತಿರುಗುವ ಹಾಗಿಲ್ಲ. ಓಡುವವನು ಅದನ್ನೇ ನೆಚ್ಚಿಕೊಂಡು, ಅವನು ಬೀಳುವಷ್ಟು ಹತ್ತಿರ ಬಂದ ಮೇಲೆ ಪಕ್ಕಕ್ಕೆ ಸರಿಯುತ್ತಾನೆ. ನುಗ್ಗುವ ಬಾಕ್ಸರ್‌ಗೆ ಆ ನಿಯಮ ಇಲ್ಲ, ಆದರೆ ಅವನ ಭಾರಕ್ಕೆ ಇದೆ. ಮುಂದಿನ ಕಾಲಿನ ಮೇಲೆ ಭಾರ ಹೋದ ಮೇಲೆ ಅವನು ತಕ್ಷಣ ತಿರುಗಲಾರ. ಪಕ್ಕದ ಶಾಲೆಯ ಖೋ ಖೋ ಹುಡುಗರ ಜೊತೆ ಒಂದು ತಿಂಗಳು ಸಂಜೆ ಓಡಿದೆ. ಬೇಗ ಸರಿಯುವ ನನ್ನ ಚಟ ಅಲ್ಲೇ ಹೋಯಿತು. ಇದನ್ನು ಯಾರೂ ನಂಬಲಿಲ್ಲ. ಮಾಡಿ ನೋಡಿ.

ತೂಕ ಇಳಿಸಿ 60 ಕೆಜಿಗೆ ಹೋದರೆ ಅವನ ಕಾಟವೇ ಇರುವುದಿಲ್ಲ ಅಂತ ಒಮ್ಮೆ ಅದನ್ನೂ ನೋಡಿದೆ. 60ರಲ್ಲಿ ಒಂದು ಬೌಟ್ ಆಡಿದೆ, ಎರಡನೇ ರೌಂಡಿಗೆ ಕಾಲು ಕಲ್ಲಾಯಿತು. ಕಾಲು ನಂಬಿಕೊಂಡ ಆಟಕ್ಕೆ ಅದು ಆಗುವುದಿಲ್ಲ.

ದುಡ್ಡಿನ ಲೆಕ್ಕ ನೆನಪಿನಿಂದ ಹೇಳುತ್ತೇನೆ. 16 ಔನ್ಸ್ ಗ್ಲೌಸ್ ಆರು ಸಾವಿರದ ಹತ್ತಿರ. ಹೆಡ್‌ಗಾರ್ಡ್ ಎರಡು, ಒಟ್ಟು ಐದು ಸಾವಿರ. ಹಲ್ಲಿನ ಡಾಕ್ಟರ್ ಹತ್ತಿರ ಅಳತೆ ಕೊಟ್ಟು ಮಾಡಿಸಿದ, ಹಲ್ಲು ಕಾಯುವ ಗಮ್‌ಶೀಲ್ಡ್ ಎರಡೂವರೆ ಸಾವಿರ. ಕುದಿನೀರಲ್ಲಿ ಅದ್ದಿ ಕಚ್ಚುವ ಇನ್ನೂರು ರೂಪಾಯಿಯದನ್ನು ಹಾಕಿಕೊಂಡಾಗಲೇ ಹಲ್ಲು ಅಲ್ಲಾಡಿದ್ದು, ಆ ಹಲ್ಲಿಗೆ ಇನ್ನೊಂದು ಮೂರು ಸಾವಿರ. ಗರಡಿ ಹುಡುಗರಿಗೆ ಹದಿನೈದು ಸಾವಿರ ಮೀರಿರಬೇಕು. ತಿಂಗಳಿಗೊಮ್ಮೆ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ನಿಜವಾದ ಸ್ಪಾರಿಂಗ್ ಮಾಡಿ ಬರುತ್ತಿದ್ದೆ, ಹೋಗಿ ಬರಲು, ಊಟ ಎಲ್ಲ ಸೇರಿ ಸಲಕ್ಕೆ ಎರಡು ಸಾವಿರ. ಅಲ್ಲಿ ಒಂದು ಕಡೆ ತಿಂಗಳ ಫೀಸ್ ಮುಂಗಡ ತೆಗೆದುಕೊಂಡು ರಿಂಗೇ ಕೊಡಲಿಲ್ಲ, ನಾಲ್ಕು ಸಾವಿರ ಹಾಗೇ ಹೋಯಿತು. ಎಲ್ಲ ಸೇರಿ ಐವತ್ತು ಸಾವಿರದ ಆಸುಪಾಸು. ನನ್ನ ಸಂಬಳಕ್ಕೆ ಅದು ದೊಡ್ಡದು. ಈಗ ಮತ್ತೆ ಮಾಡುವುದಾದರೆ ಗಮ್‌ಶೀಲ್ಡ್ ಮತ್ತು ಗರಡಿ ಹುಡುಗರಿಗೆ ಮಾತ್ರ ಖರ್ಚು ಮಾಡುತ್ತೇನೆ.

ಬೌಟ್ ದಿನ. ಮೊದಲ ಒಂದು ನಿಮಿಷ ಬೇಕೆಂದೇ ಹಳೆಯ ಹಾಗೆ ಬಲಕ್ಕೆ ಸುತ್ತಿದೆ. ಅವನು ಎಡ ಹುಕ್ ಸಿದ್ಧ ಮಾಡಿಕೊಂಡು ಬಂದ. ಅಲ್ಲಿಂದ ಎಡಕ್ಕೆ ತಿರುಗಲು ಶುರು ಮಾಡಿದೆ. ಹುಕ್ ಗಾಳಿಗೆ ಹೋಯಿತು, ಅವನು ಹಗ್ಗದ ಕಡೆ ಮುಖ ಮಾಡಿ ನಿಂತಿದ್ದ. ಆದರೂ ಮೊದಲ ರೌಂಡ್ ಅವನಿಗೇ ಹೋಯಿತು. ತಿರುಗುತ್ತಿದ್ದೆ, ಹೊಡೆಯುತ್ತಿರಲಿಲ್ಲ. ಕಾರ್ನರ್‌ನಲ್ಲಿ ಕೋಚ್ ನೀರು ಕುಡಿಸುತ್ತಾ ಒಂದೇ ಮಾತು ಹೇಳಿದರು: "ತಿರುಗಿದ ಮೇಲೆ ನಿಂತು ನೋಡ್ಬೇಡ, ಕೊಡು." ಎರಡನೇ ರೌಂಡಿನಲ್ಲಿ ಪ್ರತಿ ತಿರುವಿಗೂ ಎರಡು ಏಟು ಕೊಟ್ಟೆ. ಒಂದು ಬಲಗೈ ನೇರ, ಅದು ಎಲ್ಲರಿಗೂ ಕಾಣುತ್ತದೆ. ಎರಡನೆಯದು ಯಾವುದು, ಎಲ್ಲಿಗೆ ಅಂತ ಬರೆಯುವುದಿಲ್ಲ. ಅವನ ಜೊತೆ ಇನ್ನೂ ಆಡುವುದಿದೆ. ಮೂರನೇ ರೌಂಡಿನ ಅರ್ಧಕ್ಕೆ ಅವನು ನುಗ್ಗುವುದನ್ನು ನಿಲ್ಲಿಸಿ ನಿಂತು ನೋಡಿದ. ನಾಲ್ಕು ಬೌಟ್‌ನಲ್ಲಿ ಅವನು ಹಾಗೆ ನಿಂತದ್ದು ಅದೇ ಮೊದಲು. ಆಗ ಮುಂದೆ ಹೋದವನು ನಾನು.

ಅವನ ಉಸಿರಿನಿಂದ ಅವನು ಯಾವಾಗ ನುಗ್ಗುತ್ತಾನೆ ಅಂತ ಹೇಳಬಹುದು. ಅದನ್ನು ಹೇಗೆ ಕೇಳಿಸಿಕೊಳ್ಳುವುದು ಅನ್ನುವುದನ್ನೂ ಸದ್ಯಕ್ಕೆ ಇಟ್ಟುಕೊಂಡಿದ್ದೇನೆ. ನಮ್ಮ ಕ್ಲಬ್‌ನ ಇಬ್ಬರು ಹುಡುಗರಿಗೆ ಮಾತ್ರ ಹೇಳಿದ್ದೇನೆ.

ಇದು ಸೌತ್‌ಪಾ, ಅಂದರೆ ಬಲಗೈ, ಬಲಗಾಲು ಮುಂದಿಟ್ಟು ನಿಲ್ಲುವವನ ಎದುರು ಹೀಗೇ ನಡೆಯುವುದಿಲ್ಲ, ಅಲ್ಲಿ ಪಾದ ಪಾದಕ್ಕೆ ತಾಗುತ್ತದೆ. ಹೋದ ತಿಂಗಳಿಂದ ತಾರಸಿ ಮೇಲೆ ಅದಕ್ಕೆ ಬೇರೆ ಗೆರೆ ಎಳೆದು ನೋಡುತ್ತಿದ್ದೇನೆ. ಗರಡಿಯ ಒಬ್ಬ ಹುಡುಗ ಎಡಚ, ಅವನನ್ನೇ ವಾರಕ್ಕೆ ಮೂರು ದಿನ ಕರೆಸುತ್ತಿದ್ದೇನೆ. ಅವನು ಈಗ ಮುನ್ನೂರಕ್ಕೆ ಬರುವುದಿಲ್ಲ, ನಾನೂರು ಕೇಳುತ್ತಾನೆ. ಕೊಡುತ್ತಿದ್ದೇನೆ.