ಪ್ರಾಥಮಿಕ ಮುಗಿಸಿದ ಹುಡುಗಿ ಶಾಲೆ ಬಿಡದಂತೆ ನೋಡಿಕೊಳ್ಳುವುದು ಹೇಗೆ

ಬಡ ದೇಶಗಳ ಬಹುತೇಕ ಕಡೆ ಹುಡುಗಿಯರು ಈಗ ಒಂದನೇ ತರಗತಿಗೆ ಸೇರುತ್ತಾರೆ. ಎಡವುವುದು ಪ್ರೌಢಶಾಲೆಯ ಹೊಸ್ತಿಲಲ್ಲಿ: ಶಾಲೆ ದೂರವಾಗುತ್ತದೆ, ಖರ್ಚು ಏರುತ್ತದೆ, ಮನೆಯಲ್ಲಿ ಮದುವೆಯ ಮಾತು ಶುರುವಾಗುತ್ತದೆ. ಓದಿದ ಒಂದೊಂದು ವರ್ಷಕ್ಕೂ ಗಳಿಕೆ ಸರಾಸರಿ ಶೇ 9–10ರಷ್ಟು ಹೆಚ್ಚುತ್ತದೆ ಎಂಬುದು ವಿಶ್ವಬ್ಯಾಂಕಿನ ಅಂದಾಜು. ಕೈಯಲ್ಲಿರುವ ಹಣ ಸ್ವಲ್ಪವೇ ಆದರೆ ಅದನ್ನು ಈ ಘಟ್ಟಕ್ಕೇ ಮೀಸಲಿಡಿ.

ಮೊದಲ ಕೆಲಸ ಮನೆಮನೆಯ ಪಟ್ಟಿ. 10ರಿಂದ 16 ವರ್ಷದ ಪ್ರತಿ ಹುಡುಗಿಯ ಹೆಸರಿನ ಮುಂದೆ ಬರೆದುಕೊಳ್ಳಿ: ಶಾಲೆ ಎಷ್ಟು ಕಿ.ಮೀ., ಕಳೆದ ತಿಂಗಳು ಎಷ್ಟು ದಿನ ಗೈರು, ಬೆಳಗ್ಗೆ ನೀರು ತರುವವರು ಯಾರು, ಕೈಕೂಸನ್ನು ನೋಡಿಕೊಳ್ಳುವವರು ಯಾರು. ಹಾಜರಿ ಪುಸ್ತಕವನ್ನಷ್ಟೇ ನಂಬಬೇಡಿ. ಹೆಸರು ಶಾಲೆಯಲ್ಲಿದ್ದು ಹುಡುಗಿ ಹೊಲದಲ್ಲಿರುವುದು ಸಾಮಾನ್ಯ.

ದೂರವೇ ಅಡ್ಡಿಯಾಗಿದ್ದರೆ ಸೈಕಲ್ ಕೊಡಿ. ಬಿಹಾರ ಸರ್ಕಾರ 2006ರಲ್ಲಿ ಒಂಬತ್ತನೇ ತರಗತಿಯ ಹುಡುಗಿಯರಿಗೆ ಸೈಕಲ್ ಕೊಳ್ಳಲು ಹಣ ಕೊಟ್ಟಿತು. ಅವರ ದಾಖಲಾತಿ ಸುಮಾರು ಶೇ 30ರಷ್ಟು ಏರಿತು, ಅದರಲ್ಲೂ ಶಾಲೆ ದೂರವಿದ್ದ ಹಳ್ಳಿಗಳಲ್ಲಿ. ಸೈಕಲ್ ಜೊತೆಗೆ ಗಾಳಿ ಪಂಪು, ಪಂಕ್ಚರ್ ಸಾಮಾನೂ ಇರಲಿ. ಇಲ್ಲದಿದ್ದರೆ ಒಂದು ಪಂಕ್ಚರ್‌ಗೆ ವಾರಗಟ್ಟಲೆ ಶಾಲೆ ತಪ್ಪುತ್ತದೆ.

ಹಣ ಅಡ್ಡಿಯಾಗಿದ್ದರೆ ವಿದ್ಯಾರ್ಥಿವೇತನ. 1994ರಲ್ಲಿ ದೇಶದಾದ್ಯಂತ ಇದನ್ನು ಶುರುಮಾಡಿದ ಬಾಂಗ್ಲಾದೇಶ ಮೂರು ಷರತ್ತು ಇಟ್ಟಿತ್ತು: ಶೇ 75 ಹಾಜರಿ, ಶೇ 45 ಅಂಕ, ಮದುವೆಯಾಗಿರಬಾರದು. ಹಾಜರಿಯ ಷರತ್ತು ಬೇಕೇ ಬೇಕು. ಅಂಕದ ಷರತ್ತನ್ನು ಮಾತ್ರ ಬಿಟ್ಟುಬಿಡುವುದು ಒಳ್ಳೆಯದು. ಅದು ಆಸರೆ ಹೆಚ್ಚು ಬೇಕಾದ ಹುಡುಗಿಯನ್ನೇ ಮೊದಲು ಹೊರಗೆ ಹಾಕುತ್ತದೆ. ಮೊದಲ ಕಂತು ದಾಖಲಾತಿಗೆ ಮುಂಚೆಯೇ ಕೈಸೇರಬೇಕು. ತಡವಾಗಿ ಬಂದ ಹಣ ಸಾಲ ತೀರಿಸಲು ಹೋಗುತ್ತದೆ, ಅಷ್ಟರಲ್ಲಿ ಹುಡುಗಿ ಮನೆಯಲ್ಲೇ ಉಳಿದಿರುತ್ತಾಳೆ.

ಶೌಚಾಲಯ ಕಟ್ಟಿಸಿದರಷ್ಟೇ ಸಾಲದು, ಒಳಗೆ ಹೋಗಿ ಬಾಗಿಲು ಹಾಕಿ ನೋಡಿ. ಒಳಚಿಲಕ ಬೀಳುತ್ತದೆಯೇ? ಬಕೆಟ್ ತುಂಬ ನೀರು, ಬಟ್ಟೆ ನೇತುಹಾಕಲು ಮೊಳೆ, ಮುಚ್ಚಳವಿರುವ ಕಸದ ಡಬ್ಬಿ ಇವೆಯೇ? ಎಲ್ಲ ಇದ್ದೂ ಹೊರಗೆ ಬೀಗ ಬಿದ್ದಿರುತ್ತದೆ, ಬೀಗದ ಕೈ ಮೇಷ್ಟ್ರ ಜೇಬಿನಲ್ಲಿರುತ್ತದೆ. ಮುಟ್ಟಿನ ದಿನ ಯಾವ ಹುಡುಗಿಯೂ ಹೋಗಿ ಅದನ್ನು ಕೇಳುವುದಿಲ್ಲ. ಬೀಗದ ಕೈ ಹುಡುಗಿಯರ ಬಳಿಯೇ ಇರಲಿ.

ಇನ್ನು ಕಲಿಕೆ. ಎರಡನೇ ತರಗತಿಯ ಪಾಠವನ್ನೇ ಓದಲು ಬಾರದವಳು ಏಳರಲ್ಲಿ ಕೂತರೆ ಸೈಕಲ್ಲೂ ಹಣವೂ ಅವಳನ್ನು ಬಹಳ ದಿನ ಹಿಡಿದಿಡಲಾರವು. ದಿನಕ್ಕೆ ಒಂದು ಗಂಟೆ, ತರಗತಿ ನೋಡದೆ ಓದುವ ಮಟ್ಟ ನೋಡಿ ಗುಂಪು ಮಾಡಿ ಕಲಿಸಿ.

ಮೂರು ದಿನ ಸತತ ಗೈರಾದರೆ ಅಂದೇ ಸಂಜೆ ಯಾರಾದರೂ ಮನೆಗೆ ಹೋಗಬೇಕು, ಸಾಧ್ಯವಾದರೆ ಅವಳ ತಾಯಿ ನಂಬುವ ಹೆಂಗಸು.