ಗ್ಯಾಸ್ ಗೀಸರ್: ಬಚ್ಚಲಿನ ಹೊರಗೆ ಕೂಡ್ರಿಸುವ ಕ್ರಮ

ಹುಬ್ಬಳ್ಳಿ-ಧಾರವಾಡದ ಹಳೆಯ ಮನೆಗಳಲ್ಲಿ ಹಂಡೆಯ ಒಲೆ ಹೊಗೆ ಉಗುಳುತ್ತಿತ್ತು. ಕಣ್ಣು ಉರಿದ ಕೂಡಲೇ ಒಳಗಿದ್ದವರು ಬಚ್ಚಲಿನ ಬಾಗಿಲು ತೆರೆಯುತ್ತಿದ್ದರು. ಹಂಡೆಯ ಜಾಗಕ್ಕೆ ಬಂದಿರುವ ಗ್ಯಾಸ್ ಗೀಸರ್‌ನಲ್ಲಿ ಅಂಥ ಎಚ್ಚರಿಕೆ ಸಿಗುವುದಿಲ್ಲ. ಅದು ಬಿಡುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣಿಗೆ ಉರಿಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಈ ಅನಿಲವನ್ನು ಹಿಡಿದುಕೊಳ್ಳುವುದರಿಂದ, ಮೊದಲು ತಲೆ ಸುತ್ತಿ, ಆಮೇಲೆ ಕಾಲಿನ ಬಲ ಉಡುಗಿ, ಚಿಲಕ ತೆಗೆಯಬೇಕೆಂಬ ಬುದ್ಧಿ ಬರುವ ಹೊತ್ತಿಗೆ ಕೈ ಏಳುವುದಿಲ್ಲ.

ಲೆಕ್ಕ ಹಾಕಿ ನೋಡಿದರೆ ಅಪಾಯದ ಅಳತೆ ತಿಳಿಯುತ್ತದೆ. ನಿಮಿಷಕ್ಕೆ 6 ಲೀಟರ್ ನೀರನ್ನು 25 ಡಿಗ್ರಿಯಷ್ಟು ಬಿಸಿ ಮಾಡುವ ಗೀಸರ್ ತಾಸಿಗೆ ಹೆಚ್ಚುಕಡಿಮೆ 1 ಕಿಲೋ ಎಲ್‌ಪಿಜಿ ಉರಿಸುತ್ತದೆ, ಅಷ್ಟು ಅನಿಲ ಪೂರ್ತಿಯಾಗಿ ಉರಿಯಲು ಸುಮಾರು 13 ಘನ ಮೀಟರ್ ಗಾಳಿ ಬೇಕು. ಅಂದರೆ 10 ನಿಮಿಷದ ಸ್ನಾನಕ್ಕೆ 2 ಘನ ಮೀಟರ್‌ಗೂ ಹೆಚ್ಚು. 6 ಅಡಿ ಉದ್ದ, 4 ಅಡಿ ಅಗಲ, 8 ಅಡಿ ಎತ್ತರದ ಬಚ್ಚಲಿನಲ್ಲಿ ಇರುವ ಗಾಳಿಯೇ ಐದೂವರೆ ಘನ ಮೀಟರ್. ಚಳಿಗೆಂದೋ, ಜಿಟಿಜಿಟಿ ಮಳೆಗೆಂದೋ ಗವಾಕ್ಷಿ ಮುಚ್ಚಿ ಒಬ್ಬರ ಹಿಂದೆ ಒಬ್ಬರು ಸ್ನಾನಕ್ಕೆ ಹೋದರೆ, ಎರಡನೆಯವರ ಸರದಿಗೆ ಉರಿಗೂ ಉಸಿರಿಗೂ ಸಾಲುವಷ್ಟು ಆಮ್ಲಜನಕ ಉಳಿದಿರುವುದಿಲ್ಲ. ಆಮ್ಲಜನಕ ಕಡಿಮೆಯಾದಷ್ಟೂ ಉರಿ ಅರೆಬರೆಯಾಗಿ ವಿಷಾನಿಲ ಏರುತ್ತದೆ. ಆದ್ದರಿಂದ ಈ ಲೇಖನದ ಎಲ್ಲ ಹಂತಗಳೂ ಒಂದೇ ನಿಯಮದ ಮೇಲೆ ನಿಂತಿವೆ: ಗೀಸರ್ ಬಚ್ಚಲಿನ ಹೊರಗಿರಬೇಕು, ಬಿಸಿನೀರಿನ ಪೈಪ್ ಮಾತ್ರ ಒಳಗೆ ಬರಬೇಕು. ಬಚ್ಚಲಿನ ಒಳಗೋಡೆಗೇ ಹೊಡೆದರೆ ನಾಲ್ಕು ಅಡಿ ಪೈಪ್ ಉಳಿಯುತ್ತದೆಂದು ಫಿಟ್ಟರ್ ಹೇಳಿದರೆ ಒಪ್ಪಬೇಡಿ.

ಜಾಗ ಆರಿಸುವುದು

ಹಿತ್ತಲ ಕಡೆಯ ಹೊರಗೋಡೆ, ಅಥವಾ ಒಂದು ಮಗ್ಗುಲು ಪೂರ್ತಿ ತೆರೆದಿರುವ ಬಾಲ್ಕನಿ ಇದಕ್ಕೆ ತಕ್ಕ ಜಾಗ. ಮೇಲೆ ಮಳೆನೀರು ಬೀಳದಂತೆ ಮರೆ ಇರಲಿ, ಆದರೆ ಮರೆಯ ಹೆಸರಿನಲ್ಲಿ ಗೀಸರನ್ನು ಕಪಾಟಿನೊಳಗೆ ಕೂಡ್ರಿಸಬಾರದು. ಮಲಗುವ ಕೋಣೆಯ ಕಿಟಕಿಯ ಕೆಳಗೆ, ಮೆಟ್ಟಿಲ ಕೆಳಗಿನ ಸಂದಿಯಲ್ಲಿ, ಅಪಾರ್ಟ್‌ಮೆಂಟಿನ ಮುಚ್ಚಿದ ಡಕ್ಟ್‌ನಲ್ಲಿ ಇಡುವುದೂ ತಪ್ಪು. ಬಚ್ಚಲಿನ ಗವಾಕ್ಷಿಯ ಪಕ್ಕದಲ್ಲೇ ಗೀಸರ್ ಇದ್ದರೆ ಹೊರಬಿದ್ದ ಅನಿಲ ಅದೇ ಗವಾಕ್ಷಿಯಿಂದ ಒಳಬರುತ್ತದೆ. ಯಾವುದೇ ಕಿಟಕಿಯಿಂದ ಎಷ್ಟು ದೂರವಿರಬೇಕೆಂಬುದು ಗೀಸರ್‌ನ ಕೈಪಿಡಿಯಲ್ಲಿರುತ್ತದೆ, ಅದಕ್ಕಿಂತ ಕಡಿಮೆ ಮಾಡಬೇಡಿ.

ಮೊದಲು ತೆರೆದಿದ್ದ ಬಾಲ್ಕನಿಗೆ ಆಮೇಲೆ ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿ ಹಾಕಿಸಿ ಕೋಣೆ ಮಾಡಿಕೊಳ್ಳುವುದು ನಮ್ಮಲ್ಲಿ ಸಾಮಾನ್ಯ. ಆ ದಿನದಿಂದ ಗೀಸರ್ ಮನೆಯೊಳಗಿದೆ ಎಂದೇ ತಿಳಿಯಬೇಕು. ಹೊರಗೆ ಜಾಗವೇ ಇಲ್ಲದ ಮನೆಯಾದರೆ ಗ್ಯಾಸ್ ಬೇಡ. ವಿದ್ಯುತ್ ಗೀಸರೋ ಮಾಳಿಗೆಯ ಮೇಲೆ ಸೋಲಾರೋ ಹಾಕಿಸಿ. ವಿದ್ಯಾರ್ಥಿಗಳು ತುಂಬಿರುವ ಸಪ್ತಾಪುರದಂಥ ಬಡಾವಣೆಗಳಲ್ಲಿ ಒಂದೊಂದು ಕೋಣೆಗೆ ಒಂದೊಂದು ಕಿರಿದಾದ ಬಚ್ಚಲು ಕಟ್ಟಿಸಿರುವ ಮಾಲೀಕರಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ.

ಕೊಳ್ಳುವಾಗ

ಐಎಸ್‌ಐ ಗುರುತು, ಅದರೊಂದಿಗೆ ಐಎಸ್ 15558 ಎಂಬ ಸಂಖ್ಯೆ ಇದೆಯೇ ನೋಡಿ. ಎಲ್‌ಪಿಜಿ ಬಳಸುವ ಸಣ್ಣ ಗೃಹಬಳಕೆಯ ಗೀಸರ್‌ಗಳ ಭಾರತೀಯ ಮಾನಕ ಅದು. ಉರಿ ಆರಿದರೆ ಅನಿಲವನ್ನು ತಾನೇ ನಿಲ್ಲಿಸುವ ಸಾಧನ ಇರಲೇಬೇಕು. ಪೈಪ್ ಗ್ಯಾಸ್ ಬಂದಿರುವ ಬಡಾವಣೆಯವರು ಪೈಪ್ ಗ್ಯಾಸ್‌ಗೆಂದೇ ಮಾಡಿದ ಗೀಸರ್ ಕೊಳ್ಳಬೇಕು, ಏಕೆಂದರೆ ಎರಡು ಅನಿಲಗಳ ಒತ್ತಡವೂ ನಾಜಲ್‌ನ ರಂಧ್ರವೂ ಬೇರೆ ಬೇರೆ.

ನೀರಿನ ಜೋಡಣೆ

ಗೀಸರ್ ಲಂಬವಾಗಿ, ಉರಿ ಕಾಣುವ ಕಿಂಡಿ ಕಣ್ಣಿನ ಮಟ್ಟಕ್ಕೆ ಬರುವಂತೆ ನಿಲ್ಲಬೇಕು. ಹಳೆಯ ಮಣ್ಣಿನ ಗೋಡೆಯಲ್ಲಿ ಬೋಲ್ಟ್ ಹಿಡಿಯುವುದಿಲ್ಲವಾದ್ದರಿಂದ ಅಂಥಲ್ಲಿ ಕಬ್ಬಿಣದ ಚೌಕಟ್ಟು ಬೇಕಾಗುತ್ತದೆ.

ನೀರು ಹರಿದಾಗ ಅದರ ಒತ್ತಡಕ್ಕೆ ಒಳಗಿನ ರಬ್ಬರ್ ಪದರ ಉಬ್ಬಿ ಸ್ವಿಚ್ಚನ್ನು ಒತ್ತುತ್ತದೆ, ಆಗಲೇ ಕಿಡಿ ಹಾರಿ ಅನಿಲ ಬಿಡುಗಡೆಯಾಗುತ್ತದೆ. ಟ್ಯಾಂಕಿನ ನೀರು 1 ಮೀಟರ್ ಎತ್ತರದಲ್ಲಿದ್ದರೆ ಒತ್ತಡ 0.1 ಬಾರ್ ಮಾತ್ರ. ಮೇಲಂತಸ್ತಿನ ಮನೆಗೆ ಟ್ಯಾಂಕ್ ತಲೆಯ ಮೇಲೇ ಇರುವುದರಿಂದ ಅಲ್ಲಿ ಗೀಸರ್ ಹೊತ್ತಿಕೊಳ್ಳದೆ ಕಾಡುವುದುಂಟು. ಕೊಳ್ಳುವ ಮೊದಲೇ ಡಬ್ಬಿಯ ಮೇಲೆ ಬರೆದಿರುವ ಕನಿಷ್ಠ ಒತ್ತಡವನ್ನು ಓದಿ, ಸಾಲದಿದ್ದರೆ ಟ್ಯಾಂಕ್ ಎತ್ತರಿಸಿ ಅಥವಾ ಪಂಪ್ ಹಾಕಿಸಿ.

ಪೈಪ್ ಕೂಡಿಸುವ ಮೊದಲು ಒಂದು ಬಕೀಟು ನೀರು ಹೊರಗೆ ಹರಿಯಬಿಟ್ಟು ಉಸುಕು ತೊಳೆದು ಹೋಗುವಂತೆ ಮಾಡಿ. ನೀರು ಒಳಬರುವ ಕಡೆ ಜಾಳಿಗೆ, ನಿಲ್ಲಿಸುವ ವಾಲ್ವ್ ಎರಡೂ ಇರಲಿ. ಬಿಸಿನೀರು ಹೊರಬರುವ ಕಡೆ ಸಾಮಾನ್ಯ ಪಿವಿಸಿ ಮೆತ್ತಗಾಗಿ ಬಾಗುತ್ತದೆ, ಬಿಸಿ ತಾಳುವ ಸಿಪಿವಿಸಿ ಪೈಪನ್ನೇ ಬಳಸಿ. ನವಲಗುಂದ, ರೋಣ, ಗದಗ ಕಡೆಯ ಸವಳು ಬೋರ್ ನೀರನ್ನು ನೇರವಾಗಿ ಬಿಟ್ಟರೆ ತಾಮ್ರದ ಸುರುಳಿಯ ಒಳಗೆ ಸುಣ್ಣ ಕಟ್ಟುತ್ತದೆ. ಸಾಧ್ಯವಿದ್ದಲ್ಲಿ ನಳದ ನೀರಿಗೆ ಜೋಡಿಸುವುದು ಮೇಲು.

ಅನಿಲದ ಜೋಡಣೆ

ಈ ಹಂತವನ್ನು ಮನೆಯವರಾಗಲಿ ಪ್ಲಂಬರ್ ಆಗಲಿ ಮಾಡತಕ್ಕದ್ದಲ್ಲ; ಗ್ಯಾಸ್ ಏಜೆನ್ಸಿಯ ಮೆಕ್ಯಾನಿಕ್ ಅಥವಾ ಪೈಪ್ ಗ್ಯಾಸ್ ಕಂಪನಿಯ ತಂತ್ರಜ್ಞರೇ ಮಾಡಬೇಕು. ಮನೆಯವರ ಕೆಲಸ ಎದುರಿಗೆ ನಿಂತು ನೋಡುವುದು. ಸಿಲಿಂಡರ್ ನೆಟ್ಟಗೆ ನಿಂತಿರಬೇಕು, ಅಡ್ಡ ಮಲಗಿಸಬಾರದು. ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ನೆಲದಲ್ಲಿ ಹರಡಿ ತಗ್ಗಿನಲ್ಲಿ ನಿಲ್ಲುತ್ತದೆ. ಹಾಗಾಗಿ ನೆಲಮಾಳಿಗೆಯಲ್ಲಿ, ಚರಂಡಿಯ ಬಾಯಿಯ ಹತ್ತಿರ ಸಿಲಿಂಡರ್ ಬೇಡ. ಭಟ್ಟಿ ಒಲೆಗೆ ಹಾಕುವ ಹೈ ಪ್ರೆಶರ್ ರೆಗ್ಯುಲೇಟರನ್ನು ಗೀಸರ್‌ಗೆ ಹಾಕಿದರೆ ಉರಿ ಹೊರಚಾಚುತ್ತದೆ. ರಬ್ಬರ್ ನಳಿಕೆ ಐಎಸ್‌ಐ ಗುರುತಿನ ಸುರಕ್ಷಾ ನಳಿಕೆಯಾಗಿರಲಿ, ಒಂದೂವರೆ ಮೀಟರ್ ಮೀರದಿರಲಿ, ಗೋಡೆಯನ್ನು ತೂರಿ ಹೋಗದಿರಲಿ. ಗೋಡೆ ದಾಟಲೇಬೇಕಾದಾಗ ಗೋಡೆಯಲ್ಲಿ ಕೂಡ್ರಿಸಿದ ಅಗಲದ ಕೊಳವೆಯೊಳಗೆ (ಸ್ಲೀವ್) ಹಾಯಿಸಿದ ಲೋಹದ ಪೈಪ್ ಬೇಕು. ಅಡಿಗೆಮನೆಯ ಒಲೆಯ ನಳಿಕೆಯನ್ನೇ ಕತ್ತರಿಸಿ ‘T’ ಆಕಾರದ ಕವಲು ಜೋಡಣೆ ಹಾಕಿ ಗೀಸರ್‌ವರೆಗೆ ಎಳೆಯುವ ಪದ್ಧತಿಯಷ್ಟು ಕೆಟ್ಟದ್ದು ಮತ್ತೊಂದಿಲ್ಲ.

ಜೋಡಣೆ ಮುಗಿದ ಮೇಲೆ ಸೋಪಿನ ನೊರೆಯ ಪರೀಕ್ಷೆ. ಗೀಸರ್ ಹೊತ್ತಿಸದೆ ಅನಿಲವನ್ನು ಮಾತ್ರ ಬಿಟ್ಟು, ದಪ್ಪ ಸೋಪಿನ ನೀರನ್ನು ಬ್ರಶ್‌ನಿಂದ ಪ್ರತಿ ಕೀಲಿಗೂ ಸುತ್ತಲೂ ಹಚ್ಚಬೇಕು. ದೊಡ್ಡ ಸೋರಿಕೆಯಾದರೆ ಗುಳ್ಳೆ ತಕ್ಷಣ ಏಳುತ್ತದೆ. ಸಣ್ಣದಾದರೆ ಸಾಸಿವೆಯಷ್ಟರ ಗುಳ್ಳೆಗಳು ನಟ್ಟಿನ ಹಿಂಬದಿಯಲ್ಲಿ, ಕಣ್ಣಿಗೆ ಬೀಳದ ಕಡೆ, ನಿಧಾನವಾಗಿ ಸಾಲುಗಟ್ಟುತ್ತವೆ. ಅದಕ್ಕೇ ಟಾರ್ಚ್ ಹಿಡಿದು ಒಂದೊಂದು ಕೀಲಿನ ಮುಂದೆಯೂ ನಿಂತು ನೋಡಬೇಕು. ಕಡ್ಡಿ ಗೀರಿ ನೋಡುವವರನ್ನು ಅಲ್ಲಿಂದಲೇ ವಾಪಸ್ ಕಳಿಸಿ.

ಮೊದಲ ಸಲ ಹೊತ್ತಿಸುವುದು

ಪೈಪಿನಲ್ಲಿ ಗಾಳಿ ಇರುವುದರಿಂದ ಮೊದಲೆರಡು ಸಲ ಕಿಡಿ ಹಾರಿಯೂ ಹೊತ್ತಿಕೊಳ್ಳದೆ ಇರಬಹುದು; ನಡುವೆ ತುಸು ಬಿಡುವು ಕೊಡಿ. ಉರಿ ನೀಲಿಯಾಗಿ, ಅಲುಗದೆ ನಿಂತಿರಬೇಕು. ಹಳದಿಯಾಗಿ ನಾಲಿಗೆ ಚಾಚಿದರೆ ಗಾಳಿ ಸಾಲುತ್ತಿಲ್ಲ, ಮಸಿಯೂ ವಿಷಾನಿಲವೂ ಹುಟ್ಟುತ್ತಿವೆ ಎಂದರ್ಥ. ಕೂಡಲೇ ಆರಿಸಿ ದುರಸ್ತಿ ಮಾಡಿಸಿ. ಆಮೇಲೆ ಬಚ್ಚಲಿನ ಬಿಸಿನೀರಿನ ನಳ ಮುಚ್ಚಿದೊಡನೆ ಹೊರಗೆ ಉರಿ ಆರುತ್ತದೆಯೇ ಎಂದು ಇನ್ನೊಬ್ಬರನ್ನು ನಿಲ್ಲಿಸಿ ಮೂರು-ನಾಲ್ಕು ಸಲ ನೋಡಬೇಕು. ನೀರು ನಿಂತ ಮೇಲೂ ಉರಿ ಉಳಿದರೆ ಸುರುಳಿಯಲ್ಲಿನ ನೀರು ಕುದಿದು ಉಗಿಯಾಗುತ್ತದೆ, ಅಂಥ ಗೀಸರನ್ನು ಬಳಸಲೇಬಾರದು.

ಅನಿಲ ಸೋರಿಕೆ ತಿಳಿಸುವ ಉಪಕರಣ ಬೇರೆ, ಕಾರ್ಬನ್ ಮೊನಾಕ್ಸೈಡ್ ತಿಳಿಸುವ ಉಪಕರಣ ಬೇರೆ; ಒಂದು ಇನ್ನೊಂದರ ಕೆಲಸ ಮಾಡುವುದಿಲ್ಲ. ಎರಡನೆಯದನ್ನು ಮನೆಯೊಳಗೆ ಮಲಗುವ ಕೋಣೆಯ ಹತ್ತಿರ ಹಾಕಿದರೆ ಒಳ್ಳೆಯದು. ಸ್ನಾನಕ್ಕೆ ಹೋದವರು ಕರೆದರೂ ಓಗೊಡದಿದ್ದರೆ ಮೊದಲು ಗ್ಯಾಸ್ ನಿಲ್ಲಿಸಿ, ಬಾಗಿಲು ತೆಗೆಸಿ ಅವರನ್ನು ಬಯಲಿಗೆ ತಂದು 108ಕ್ಕೆ ಕರೆ ಮಾಡಿ. ಅನಿಲ ಸೋರಿಕೆಗೆ ದೂರು ಸಂಖ್ಯೆ 1906.

ದೀಪಾವಳಿಗೆ ಮುಂಚೆ, ಚಳಿ ಬೀಳುವ ಮೊದಲು, ವರ್ಷಕ್ಕೊಮ್ಮೆ ಬರ್ನರ್‌ನ ಮಸಿ ತೆಗೆಸಿ, ಹೊಗೆ ಕೊಳವೆಯಲ್ಲಿ ಕಣಜದ ಮಣ್ಣಿನ ಗೂಡು ಇದೆಯೇ ನೋಡಿಸಿ, ಕಿಡಿ ಹಾರಿಸುವ ಬ್ಯಾಟರಿ ಸೆಲ್ ಬದಲಿಸಿ. ನಳಿಕೆಯನ್ನು ಐದು ವರ್ಷಕ್ಕೊಮ್ಮೆ ಬದಲಾಯಿಸಬೇಕು. ಅದರ ಮೇಲೆ ಅಚ್ಚಾಗಿರುವ ವರ್ಷವನ್ನು ಸರ್ವಿಸ್ ದಿನವೇ ಓದಿ ಬರೆದಿಟ್ಟುಕೊಳ್ಳಿ.